ಓದುಗರ ಪ್ರಶ್ನೆ: ತೆರಿಗೆ ಕಟ್ಟದ ಪೈಲಟ್, ಬಾಲದಲ್ಲಿ ಮೆಟ್ಟಿಲಿದ್ದ ವಿಮಾನ

ಪ್ರಶ್ನೆ: ಅಮೆರಿಕದಲ್ಲಿ ಒಬ್ಬ ಪೈಲಟ್ ಆದಾಯ ತೆರಿಗೆ ಕಟ್ಟುವುದಿಲ್ಲ ಎಂದು ಹಟ ಹಿಡಿದು ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದನಂತೆ. ಗೆದ್ದ ಮೇಲೂ ಜೈಲಿಗೆ ಹೋದನಂತೆ. ಇದು ಹೇಗೆ ಸಾಧ್ಯ? (ಹಾಸನ)

ಜೈಲಿಗೆ ಹೋಗಿದ್ದು ನಿಜ. ‘ಗೆದ್ದ’ ಎನ್ನುವ ಮಾತು ಮಾತ್ರ ಅರ್ಧ ಸತ್ಯ.

ಜಾನ್ ಚೀಕ್ 1973ರಿಂದ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಪೈಲಟ್ ಆಗಿದ್ದವನು. 1979ರವರೆಗೆ ಎಲ್ಲರಂತೆ ರಿಟರ್ನ್ ಸಲ್ಲಿಸಿದ, ಆಮೇಲೆ ನಿಲ್ಲಿಸಿಬಿಟ್ಟ. ಅಲ್ಲಿ ಸಂಬಳದಿಂದ ಎಷ್ಟು ತೆರಿಗೆ ಮುರಿದುಕೊಳ್ಳಬೇಕು ಎಂದು ಕಂಪನಿಗೆ ತಿಳಿಸುವ ಅರ್ಜಿ ಡಬ್ಲ್ಯು–4. ಅದರಲ್ಲಿ ಆ ಕಾಲಕ್ಕೆ ‘ಅಲೋವೆನ್ಸ್’ಗಳ ಸಂಖ್ಯೆ ಬರೆಯಬೇಕಿತ್ತು, ಸಂಖ್ಯೆ ಹೆಚ್ಚಿದಷ್ಟೂ ಕಡಿತ ಕಡಿಮೆ. ಹೆಂಡತಿ, ಮಕ್ಕಳು, ಮನೆಸಾಲ ಎಲ್ಲ ಸೇರಿಸಿದರೂ ಸಾಮಾನ್ಯ ಸಂಸಾರಸ್ಥನಿಗೆ ಬೆರಳೆಣಿಕೆಯಷ್ಟು ಬರುತ್ತಿತ್ತು. ಚೀಕ್ 1980ರ ನಡುವಿನ ಹೊತ್ತಿಗೆ 60 ಬರೆದಿದ್ದ. 1981ರಿಂದ 1984ರವರೆಗೆ ‘ನನಗೆ ತೆರಿಗೆಯೇ ಅನ್ವಯಿಸುವುದಿಲ್ಲ’ ಎಂದು ಬರೆದುಕೊಟ್ಟ. 1982ರಲ್ಲಿ ಮುರಿದುಕೊಂಡಿದ್ದ ಅಷ್ಟೂ ಹಣವನ್ನು ವಾಪಸ್ ಕೊಡಿ ಎಂದೂ ಕೇಳಿದ.

ತೆರಿಗೆ ವ್ಯವಸ್ಥೆಯೇ ಸಂವಿಧಾನಬಾಹಿರ ಎಂದು ಪಾಠ ಹೇಳುವ ಗುಂಪೊಂದರ ಸಭೆಗಳಿಗೆ ಆತ ಹೋಗುತ್ತಿದ್ದ. ಅಲ್ಲಿ ವಕೀಲರೂ ಮಾತಾಡುತ್ತಿದ್ದರು. ಸಂಬಳ ಎಂಬುದು ಆದಾಯವೇ ಅಲ್ಲ ಎಂದು ಆತ ನಂಬಿದ. ರಿಟರ್ನ್ ಸಲ್ಲಿಸದ ಆರು ಆರೋಪ, ತೆರಿಗೆ ತಪ್ಪಿಸಿದ ಮೂರು ಆರೋಪ ಬಿದ್ದವು. ವಿಚಾರಣೆಯಲ್ಲಿ ತನ್ನ ವಕಾಲತ್ತು ತಾನೇ ಮಾಡಿಕೊಂಡ. ‘ಪ್ರಾಮಾಣಿಕವಾಗಿ ನಂಬಿದ್ದರೂ ಆ ನಂಬಿಕೆಗೆ ತರ್ಕವಿಲ್ಲದಿದ್ದರೆ ರಕ್ಷಣೆ ಇಲ್ಲ’ ಎಂದು ನ್ಯಾಯಾಧೀಶರು ಜ್ಯೂರಿಗೆ ಹೇಳಿದರು. ಜ್ಯೂರಿ ತಪ್ಪಿತಸ್ಥ ಎಂದಿತು.

1991ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 6–2ರ ಬಹುಮತದಿಂದ ಆ ಸೂಚನೆ ತಪ್ಪು ಎಂದಿತು. ಅಲ್ಲಿನ ಕಾನೂನಿನಲ್ಲಿ ತೆರಿಗೆ ಅಪರಾಧಕ್ಕೆ ‘ಬೇಕೆಂದೇ’ ಮಾಡಿರಬೇಕು. ಕಾನೂನು ಹೀಗೆ ಹೇಳುತ್ತದೆ ಎಂದೇ ಗೊತ್ತಿಲ್ಲದವನು, ಅವನ ತಿಳಿವಳಿಕೆ ಎಷ್ಟೇ ಹಾಸ್ಯಾಸ್ಪದವಾಗಿದ್ದರೂ, ಬೇಕೆಂದೇ ಮಾಡಿದಂತಲ್ಲ. ಅವನ ನಂಬಿಕೆ ನಿಜವೋ ನಟನೆಯೋ ಎಂಬುದನ್ನು ಜ್ಯೂರಿ ತೀರ್ಮಾನಿಸಬೇಕು. ಆದರೆ ತೀರ್ಪಿನ ಇನ್ನೊಂದು ಭಾಗವನ್ನು ತೆರಿಗೆ ವಿರೋಧಿಗಳ ಸಭೆಗಳಲ್ಲಿ ಯಾರೂ ಓದಿ ಹೇಳುವುದಿಲ್ಲ. ‘ಈ ಕಾನೂನು ಸಂವಿಧಾನಕ್ಕೆ ವಿರುದ್ಧ’ ಎಂಬ ವಾದ ರಕ್ಷಣೆಯೇ ಅಲ್ಲ. ಹಾಗೆ ವಾದಿಸಬೇಕಾದರೆ ಕಾನೂನನ್ನು ಓದಿ, ಅದು ಏನು ಕೇಳುತ್ತದೆ ಎಂದು ತಿಳಿದೇ ಇರಬೇಕು. ತಿಳಿದವನು ‘ತಿಳಿಯಲಿಲ್ಲ’ ಎನ್ನಲಾಗದು. ಅಂಥವನು ತೆರಿಗೆ ಕಟ್ಟಿ ರೀಫಂಡ್‌ಗೆ ದಾವೆ ಹೂಡಲಿ, ಅಥವಾ ಟ್ಯಾಕ್ಸ್ ಕೋರ್ಟ್‌ಗೆ ಹೋಗಲಿ ಎಂದಿತು ನ್ಯಾಯಾಲಯ.

ಕೇಸು ಮರುವಿಚಾರಣೆಗೆ ಬಂತು. ಚೀಕ್ ಹೂಡಿದ್ದ ಸಿವಿಲ್ ದಾವೆಗಳಲ್ಲಿ ಕೋರ್ಟುಗಳು ‘ನಿನ್ನ ವಾದದಲ್ಲಿ ಹುರುಳಿಲ್ಲ’ ಎಂದು ಮುಖಕ್ಕೆ ಹೇಳಿದ್ದವು. ಇಷ್ಟಾದ ಮೇಲೆ ಗೊತ್ತಿರಲಿಲ್ಲ ಎಂದರೆ ನಂಬುವವರು ಯಾರು? ಹೊಸ ಜ್ಯೂರಿಯೂ ತಪ್ಪಿತಸ್ಥ ಎಂದಿತು. ಒಂದು ವರ್ಷ ಒಂದು ದಿನ ಜೈಲು. ಆ ಒಂದು ದಿನ ಕ್ರೂರವಲ್ಲ, ಅನುಕೂಲ: ಅಲ್ಲಿನ ಫೆಡರಲ್ ಜೈಲಿನಲ್ಲಿ ಸನ್ನಡತೆಯ ವಿನಾಯಿತಿ ಸಿಗುವುದು ಶಿಕ್ಷೆ ಒಂದು ವರ್ಷ ಮೀರಿದರೆ ಮಾತ್ರ.

ಪ್ರಶ್ನೆ: ರಿಟರ್ನ್‌ನಲ್ಲಿ ಎಲ್ಲ ಕಡೆ ಸೊನ್ನೆ ತುಂಬಿ ಕಳಿಸಿದರೆ ಮುರಿದ ತೆರಿಗೆ ವಾಪಸ್ ಬರುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಎಚ್–1ಬಿ ವೀಸಾದಲ್ಲಿದ್ದೇನೆ. ಇದರಲ್ಲಿ ಏನಾದರೂ ಅರ್ಥವಿದೆಯೆ? ಎರಡು ವರ್ಷದ ರಿಟರ್ನ್ ಸಲ್ಲಿಸುವುದೂ ಬಾಕಿ ಇದೆ. (ಡಲ್ಲಾಸ್, ಟೆಕ್ಸಸ್)

ಆ ಕಡೆ ತಲೆಹಾಕಬೇಡಿ. ಸೊನ್ನೆ ರಿಟರ್ನ್‌ನ ದೊಡ್ಡ ಪ್ರಚಾರಕ ಲಾಸ್ ವೇಗಸ್‌ನ ಅರ್ವಿನ್ ಶಿಫ್. ಅದನ್ನು ಕಲಿಸುವ ಪುಸ್ತಕ ಮಾರುತ್ತಿದ್ದ. 2003ರಲ್ಲಿ ಕೋರ್ಟ್ ಮಾರಾಟಕ್ಕೇ ತಡೆ ಹಾಕಿತು. 2005ರಲ್ಲಿ ಮೂರನೇ ಬಾರಿ ಅಪರಾಧ ಸಾಬೀತಾಗಿ, 2006ರಲ್ಲಿ 13 ವರ್ಷಕ್ಕೂ ಮೀರಿದ ಶಿಕ್ಷೆಯಾಯಿತು. 2015ರ ಅಕ್ಟೋಬರ್‌ನಲ್ಲಿ, 87ರ ವಯಸ್ಸಿನಲ್ಲಿ, ನಿಮ್ಮ ಪಕ್ಕದ ಫೋರ್ಟ್ ವರ್ತ್‌ನ ಜೈಲು ಆಸ್ಪತ್ರೆಯಲ್ಲಿ ತೀರಿಕೊಂಡ. ವಾದವನ್ನು ಮಾರಿದವನಿಗೇ ಅದು ಕೆಲಸಕ್ಕೆ ಬರಲಿಲ್ಲ.

ಸೊನ್ನೆ ತುಂಬಿ ಕಳಿಸಿದರೆ ಆಗುವುದು ಇಷ್ಟು. ನಿಮ್ಮ ಸಂಬಳ, ಕಡಿತದ ಲೆಕ್ಕ ತೋರಿಸಿ ಕಂಪನಿ ಕಳಿಸಿದ ಡಬ್ಲ್ಯು–2 ಐಆರ್‌ಎಸ್ (ಅಲ್ಲಿನ ತೆರಿಗೆ ಇಲಾಖೆ) ಬಳಿ ಮೊದಲೇ ಇರುತ್ತದೆ, ಎರಡನ್ನೂ ತಾಳೆ ನೋಡುವುದು ಕಂಪ್ಯೂಟರ್. ಹುರುಳಿಲ್ಲದ ರಿಟರ್ನ್‌ಗೆ 5,000 ಡಾಲರ್ ದಂಡ. ಗಂಡ–ಹೆಂಡತಿ ಜಂಟಿಯಾಗಿ ಸಲ್ಲಿಸಿದ್ದರೆ ಇಬ್ಬರಿಗೂ ತಲಾ 5,000. ಎಚ್ಚರಿಕೆ ಪತ್ರ ಬಂದ 30 ದಿನದೊಳಗೆ ಸರಿಯಾದ ರಿಟರ್ನ್ ಕಳಿಸಿದರೆ ದಂಡ ಹಾಕುವುದಿಲ್ಲ, ಹಾಗಾಗಿ ಆ ಲಕೋಟೆಯನ್ನು ಒಡೆಯದೆ ಮೇಜಿನ ಮೇಲೆ ಬಿಡಬಾರದು. ಡಬ್ಲ್ಯು–4ರಲ್ಲಿ ಸುಳ್ಳು ಬರೆದರೆ 500 ಡಾಲರ್ ಬೇರೆ. ಮೇಲಾಗಿ ಇಷ್ಟೇ ಮುರಿಯಿರಿ ಎಂದು ಕಂಪನಿಗೆ ನೇರ ಆದೇಶ ಹೋಗುತ್ತದೆ, ಆಮೇಲೆ ನೀವು ಹೊಸ ಡಬ್ಲ್ಯು–4 ಕೊಟ್ಟು ಕಡಿತ ತಗ್ಗಿಸಲಾಗದು. ಇದೇ ವಾದವನ್ನು ಟ್ಯಾಕ್ಸ್ ಕೋರ್ಟ್‌ಗೆ ಒಯ್ದರೆ 25,000 ಡಾಲರ್‌ವರೆಗೆ ದಂಡ ಹಾಕುವ ಅಧಿಕಾರ ಆ ಕೋರ್ಟ್‌ಗಿದೆ.

ವೀಸಾದ ಮೇಲಿರುವವರಿಗೆ ಇನ್ನೂ ಒಂದು ಪೆಟ್ಟು. ಸರ್ಕಾರಕ್ಕೆ 10,000 ಡಾಲರ್‌ಗಿಂತ ಹೆಚ್ಚು ನಷ್ಟವಾದ ತೆರಿಗೆ ವಂಚನೆಯಲ್ಲಿ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡಿಪಾರು ಮಾಡಬಹುದು. ಸುಳ್ಳು ರಿಟರ್ನ್‌ಗೆ ಸಹಿ ಹಾಕಿದ್ದೂ ಇದರಲ್ಲಿ ಸೇರುತ್ತದೆ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಇನ್ನು ನಿಮ್ಮ ಎರಡು ವರ್ಷದ ಬಾಕಿ. ಐಆರ್‌ಎಸ್ ಜಾಲತಾಣದಲ್ಲಿ ಖಾತೆ ತೆರೆದು ಆ ವರ್ಷಗಳ ‘ವೇಜ್ ಅಂಡ್ ಇನ್‌ಕಂ ಟ್ರಾನ್ಸ್‌ಕ್ರಿಪ್ಟ್’ ಇಳಿಸಿಕೊಳ್ಳಿ. ಕಂಪನಿ, ಬ್ಯಾಂಕು ನಿಮ್ಮ ಹೆಸರಿನಲ್ಲಿ ಕಳಿಸಿದ್ದೆಲ್ಲ ಅದರಲ್ಲಿರುತ್ತದೆ. ಪ್ರತಿ ವರ್ಷಕ್ಕೂ ಆಯಾ ವರ್ಷದ ಫಾರಂ ಬಳಸಿ, ಈ ವರ್ಷದ್ದರಲ್ಲಿ ತುಂಬಬೇಡಿ. ಊರಿನ ಬ್ಯಾಂಕಿನ ಬಡ್ಡಿಯನ್ನೂ ಮರೆಯಬೇಡಿ. ಕಟ್ಟಲು ಹಣ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಿ, ಏಕೆಂದರೆ ಸಲ್ಲಿಸದ ದಂಡ ತಿಂಗಳಿಗೆ ಬಾಕಿಯ ಶೇ 5, ಗರಿಷ್ಠ ಶೇ 25. ಸಲ್ಲಿಸಿ ಕಟ್ಟದಿದ್ದರೆ ತಿಂಗಳಿಗೆ ಶೇ 0.5 ಮಾತ್ರ, ಜೊತೆಗೆ ಬಡ್ಡಿ. ಬಾಕಿ 50,000 ಡಾಲರ್ ಒಳಗಿದ್ದರೆ ಕಂತಿಗೆ ಆನ್‌ಲೈನ್‌ನಲ್ಲೇ ಕೇಳಬಹುದು. ಏಪ್ರಿಲ್ 15ಕ್ಕೆ ಮುಂಚೆ ಫಾರಂ 4868 ಹಾಕಿದರೆ ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ. ಆದರೆ ಅದು ಕಾಗದಕ್ಕೆ ಸಿಕ್ಕ ಸಮಯ, ಹಣಕ್ಕಲ್ಲ. ಇದನ್ನು ತಪ್ಪು ತಿಳಿಯುವವರೇ ಹೆಚ್ಚು.

ಸುಮ್ಮನೆ ಕೂತರೆ ಐಆರ್‌ಎಸ್ ತಾನೇ ನಿಮ್ಮ ಪರವಾಗಿ ರಿಟರ್ನ್ ತಯಾರಿಸುತ್ತದೆ. ಅದರಲ್ಲಿ ಮಕ್ಕಳಿಗಾಗಿ ಸಿಗುವ ತೆರಿಗೆ ರಿಯಾಯಿತಿ ಇರುವುದಿಲ್ಲ, ನೀವು ಹಾಕಬಹುದಾಗಿದ್ದ ಕಡಿತಗಳೂ ಇರುವುದಿಲ್ಲ, ಹಾಗಾಗಿ ತೆರಿಗೆ ಉಬ್ಬಿರುತ್ತದೆ. ಆಮೇಲೆ ಬರುವ, ಇಷ್ಟು ತೆರಿಗೆ ಬಾಕಿ ಎನ್ನುವ ಕೊರತೆ ನೋಟಿಸ್‌ಗೆ 90 ದಿನದೊಳಗೆ (ಅಮೆರಿಕದ ಹೊರಗಿದ್ದರೆ 150) ಟ್ಯಾಕ್ಸ್ ಕೋರ್ಟ್‌ಗೆ ಅರ್ಜಿ ಹಾಕದಿದ್ದರೆ ಆ ಲೆಕ್ಕವೇ ಗಟ್ಟಿ. ನಿಮಗೇ ಹಣ ಬರಬೇಕಿದ್ದರೂ ಮೂರು ವರ್ಷದೊಳಗೆ ಕೇಳದಿದ್ದರೆ ಅದು ಸರ್ಕಾರದ ಪಾಲು.

ಪ್ರಶ್ನೆ: ನಮ್ಮ ಕಡೆಯ ಕರನಿರಾಕರಣೆಗೂ ಇದಕ್ಕೂ ಹೋಲಿಕೆ ಇದೆಯೆ? (ಅಂಕೋಲಾ)

ಇಲ್ಲ. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರ, ಹಿರೇಕೆರೂರಿನ ರೈತರು ಭೂಕಂದಾಯ ಕೊಡುವುದಿಲ್ಲ ಎಂದಾಗ, ಕಾನೂನೇ ಇಲ್ಲ ಎಂದು ವಾದಿಸಲಿಲ್ಲ. ಕಾನೂನು ಇದೆ, ಅದನ್ನು ಮುರಿಯುತ್ತೇವೆ, ಬೇಕಾದ್ದು ಮಾಡಿಕೊಳ್ಳಿ ಎಂದರು. ಜಮೀನು ಜಪ್ತಿಯಾಯಿತು, ಜೈಲಾಯಿತು. ಗುಲಾಮಗಿರಿಯನ್ನೂ ಮೆಕ್ಸಿಕೊ ಯುದ್ಧವನ್ನೂ ವಿರೋಧಿಸಿ ತಲೆಗಂದಾಯ ಕಟ್ಟದೆ 1846ರಲ್ಲಿ ಕಾಂಕಾರ್ಡ್‌ನ ಜೈಲಿನಲ್ಲಿ ಒಂದು ರಾತ್ರಿ ಕಳೆದ ಅಮೆರಿಕದ ಲೇಖಕ ಥೋರೋ ಕೂಡ ಈ ಸಾಲಿನವನೇ. ಚೀಕ್, ಶಿಫ್ ಅವರದು ಕಾನೂನಿನ ಮಾತಿಗೆ ಅರ್ಥ ಏನು ಎಂಬ ಜಗಳ, ಆತ್ಮಸಾಕ್ಷಿಯದಲ್ಲ. ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಬಾರದು.

ಪ್ರಶ್ನೆ: ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲಿ ಓದಿದ ನಮ್ಮ ತಂದೆ ಬೋಯಿಂಗ್ 727ರ ಗುಣಗಾನ ಮುಗಿಸುವುದೇ ಇಲ್ಲ. ಬಾಲದಿಂದ ಮೆಟ್ಟಿಲು ಇಳಿಯುತ್ತಿತ್ತು, ಸೀಟು ದೊಡ್ಡದು, ಊಟ ಪೊಗದಸ್ತು ಎನ್ನುತ್ತಾರೆ. ನಿಜವೋ, ಹಳೆಯದೆಲ್ಲ ಹೊನ್ನು ಎಂಬ ಮಾತೋ? (ಮೈಸೂರು)

ಮೆಟ್ಟಿಲು ನಿಜ, ಊಟ ನಿಜ, ಸೀಟು ಅರ್ಧ ನಿಜ.

727ರ ದೇಹದ ಅಗಲ 3.76 ಮೀಟರ್, 707ರದೂ ಅಷ್ಟೇ, ಇಂದಿನ 737ರದೂ ಅಷ್ಟೇ. ಇಕಾನಮಿಯಲ್ಲಿ ಅಂದೂ ಮೂರು–ಮೂರು ಸೀಟು, ಇಂದೂ ಅಷ್ಟೇ. ಇಂಡಿಯನ್ ಏರ್‌ಲೈನ್ಸ್‌ನ 737–200 ಹತ್ತಿ ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿದವರು ಕೂತಿದ್ದೂ ಅದೇ ಅಗಲದೊಳಗೆ. ಅಂದರೆ ಭುಜಕ್ಕೆ ಸಿಕ್ಕ ಜಾಗ ಬದಲಾಗಿಲ್ಲ. ಬದಲಾಗಿದ್ದು ಮೊಣಕಾಲಿನದು: ಸಾಲಿನಿಂದ ಸಾಲಿಗೆ ಆಗ 34 ಇಂಚಿನ ಆಸುಪಾಸು ಇರುತ್ತಿತ್ತು, ಈಗ 30–31 ಮಾಮೂಲು.

ಊಟದ ಗುಟ್ಟು ಇರುವುದು ಅಡುಗೆಮನೆಯಲ್ಲಲ್ಲ, ಕಾನೂನಿನಲ್ಲಿ. 1978ರವರೆಗೆ ಅಮೆರಿಕದಲ್ಲಿ ಯಾವ ಕಂಪನಿ ಯಾವ ಮಾರ್ಗದಲ್ಲಿ ಹಾರಬೇಕು, ಟಿಕೆಟ್ ಎಷ್ಟು ಎಂಬುದನ್ನು ಸರ್ಕಾರದ ಮಂಡಳಿಯೇ ನಿಗದಿ ಮಾಡುತ್ತಿತ್ತು. ದರ ಇಳಿಸಿ ಪ್ರಯಾಣಿಕರನ್ನು ಸೆಳೆಯುವಂತಿಲ್ಲ. ಉಳಿದದ್ದು ತಟ್ಟೆ ತುಂಬಿಸುವುದು, ಸೀಟು ತೆಗೆದು ಮೋಜು ಮಾಡಿಸುವುದು. ಎಪ್ಪತ್ತರ ಆರಂಭದಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ 747ರ ಹಿಂಭಾಗದ ಸೀಟುಗಳನ್ನು ಕಿತ್ತು ಪಿಯಾನೊ ಇಟ್ಟ ಬಾರ್ ಮಾಡಿತ್ತು. 1978ರ ಅಕ್ಟೋಬರ್‌ನಲ್ಲಿ ನಿಯಂತ್ರಣ ತೆಗೆದ ಮೇಲೆ ಟಿಕೆಟ್ ಅಗ್ಗವಾಯಿತು, ತಟ್ಟೆ ಮಾಯವಾಯಿತು. ಆ ಸುಖಕ್ಕೆ ನಿಮ್ಮ ತಂದೆ ದುಡ್ಡು ಕೊಟ್ಟೇ ಇದ್ದರು, ಟಿಕೆಟ್‌ನೊಳಗೆ ಸೇರಿತ್ತು ಅಷ್ಟೇ. ಹೊಗೆಯ ವಿಷಯ ಅವರು ಹೇಳಿರಲಿಕ್ಕಿಲ್ಲ; ಎರಡು ಗಂಟೆಯೊಳಗಿನ ಪ್ರಯಾಣದಲ್ಲಿ ಸಿಗರೇಟು ನಿಂತಿದ್ದೇ 1988ರಲ್ಲಿ.

ಇನ್ನು ವಿಮಾನದ ಮಾತು. 727ಕ್ಕೆ ಮೂರು ಎಂಜಿನ್ ಬಂದಿದ್ದು ರಾಜಿಯಿಂದ. 5,280 ಅಡಿ ಎತ್ತರದ ಡೆನ್ವರ್‌ನಿಂದ ಹಾರಬೇಕಿದ್ದ ಯುನೈಟೆಡ್ ಏರ್‌ಲೈನ್ಸ್ ನಾಲ್ಕು ಕೇಳಿತು. ಖರ್ಚು ನೋಡುವ ಅಮೆರಿಕನ್ ಏರ್‌ಲೈನ್ಸ್ ಎರಡು ಸಾಕೆಂದಿತು. ಸಮುದ್ರ ದಾಟಿ ಕೆರಿಬಿಯನ್‌ಗೆ ಹೋಗುವ ಈಸ್ಟರ್ನ್ ಏರ್‌ಲೈನ್ಸ್‌ಗೆ ಎರಡಕ್ಕಿಂತ ಹೆಚ್ಚು ಬೇಕಿತ್ತು. ನ್ಯೂಯಾರ್ಕ್‌ನ ಲಾಗಾರ್ಡಿಯಾದಂಥ ಗಿಡ್ಡ ರನ್‌ವೇಯಲ್ಲೂ ಇಳಿಯಬೇಕಿತ್ತು. ಅದಕ್ಕೆ ರೆಕ್ಕೆಯ ಹಿಂಬದಿಯಲ್ಲಿ ಮೂರು ಪದರದ ಫ್ಲ್ಯಾಪ್ (ಚಾಚಿ ಬಾಗುವ ಹಲಗೆ) ಇಟ್ಟರು. ಇಳಿಯುವಾಗ ಕಿಟಕಿಯಿಂದ ನೋಡಿದರೆ ರೆಕ್ಕೆ ಹೋಳುಹೋಳಾಗಿ ಬಿಚ್ಚಿಕೊಂಡು, ಸಂದಿಯಲ್ಲಿ ನೆಲವೇ ಕಾಣುತ್ತಿತ್ತು. ಅದರ ತೊಂದರೆಯೂ ಅಲ್ಲೇ ಇತ್ತು: ಫ್ಲ್ಯಾಪ್ ಪೂರ್ತಿ ಬಿಟ್ಟು ಎಂಜಿನ್ ತಗ್ಗಿಸಿದರೆ ವಿಮಾನ ಧೊಪ್ಪನೆ ಇಳಿಯುತ್ತದೆ, ಮತ್ತೆ ಥ್ರಾಟಲ್ ಮುಂದೊತ್ತಿದರೆ ಎಂಜಿನ್ ಶಕ್ತಿ ತುಂಬಿಕೊಳ್ಳಲು ಹಲವು ಸೆಕೆಂಡು ಬೇಕು. 1965ರ ಆಗಸ್ಟ್‌ನಿಂದ ನವೆಂಬರ್‌ನೊಳಗೆ ಅಮೆರಿಕದಲ್ಲಿ ಮೂರು 727 ನಿಲ್ದಾಣಕ್ಕೆ ಇಳಿಯುವ ಹಾದಿಯಲ್ಲೇ ಬಿದ್ದವು. ಸಾಲ್ಟ್ ಲೇಕ್ ಸಿಟಿಯದು ನಿಮಿಷಕ್ಕೆ 2,300 ಅಡಿಯಂತೆ ಇಳಿಯುತ್ತಿತ್ತು. ಆಮೇಲೆ ಎಂಜಿನ್ ತಗ್ಗಿಸದೆ ಇಳಿಸುವ ತರಬೇತಿಗೆ ಒತ್ತು ಬಿತ್ತು.

ಬಾಲದ ಮೆಟ್ಟಿಲು ಇದ್ದದ್ದು ಏಣಿಗಾಡಿ ಇಲ್ಲದ ಸಣ್ಣ ನಿಲ್ದಾಣಗಳಿಗಾಗಿ. 1971ರ ನವೆಂಬರ್ 24ರಂದು ಸುಳ್ಳು ಹೆಸರಿನ ಪ್ರಯಾಣಿಕನೊಬ್ಬ ಪೋರ್ಟ್‌ಲ್ಯಾಂಡ್‌ನಿಂದ ಸಿಯಾಟಲ್‌ಗೆ ಹೊರಟ 727 ಅಪಹರಿಸಿ, 2 ಲಕ್ಷ ಡಾಲರ್ ಮತ್ತು ಪ್ಯಾರಾಚೂಟ್ ಪಡೆದು, ಅದೇ ಮೆಟ್ಟಿಲಿನಿಂದ ರಾತ್ರಿ ಆಕಾಶದಲ್ಲಿ ಜಿಗಿದ. ಅವನ ಗುರುತು ಇವತ್ತಿಗೂ ಪತ್ತೆಯಿಲ್ಲ. ಅದಾದ ಮೇಲೆ ಮೆಟ್ಟಿಲ ಬದಿಗೆ ಸ್ಪ್ರಿಂಗ್ ಹಾಕಿದ ಪುಟ್ಟ ಲೋಹದ ಹಲಗೆ ಕೂಡಿಸಿದರು. ನಿಂತಾಗ ಅದು ಪಕ್ಕಕ್ಕಿರುತ್ತದೆ. ಹಾರುವಾಗ ಗಾಳಿ ಅದನ್ನು ತಿರುಗಿಸಿ ಮೆಟ್ಟಿಲಿಗೆ ಅಡ್ಡ ಕೂರಿಸುತ್ತದೆ. ವಿದ್ಯುತ್ ಬೇಡ, ಸ್ವಿಚ್ ಬೇಡ.

ಪ್ರಶ್ನೆ: ಆ ವಿಮಾನಗಳಲ್ಲಿ ಪೈಲಟ್‌ಗಳ ಹಿಂದೆ ಅಡ್ಡ ಕೂರುತ್ತಿದ್ದ ಮೂರನೆಯವರು ಏನು ಮಾಡುತ್ತಿದ್ದರು? (ಹುಬ್ಬಳ್ಳಿ)

ಅವರು ಫ್ಲೈಟ್ ಎಂಜಿನಿಯರ್. ಬಲಗೋಡೆಯ ತುಂಬ ಅವರ ಸ್ವಿಚ್ಚುಗಳು: ಇಂಧನ, ವಿದ್ಯುತ್, ಕ್ಯಾಬಿನ್ ಒತ್ತಡ. 727ರಲ್ಲಿ ನಡುವಿನ ಟ್ಯಾಂಕ್ ದೊಡ್ಡದು. ಏರುವಾಗ ಪ್ರತಿ ಎಂಜಿನ್‌ಗೂ ಅದರದೇ ಟ್ಯಾಂಕ್, ಮೇಲೆ ಹೋದ ಮೇಲೆ ಮೂರೂ ಎಂಜಿನ್‌ಗೆ ನಡುವಿನದರಿಂದಲೇ ಕೊಟ್ಟು ಮೂರನ್ನೂ ಸಮ ಮಾಡಬೇಕಿತ್ತು. ಕವಾಟ ತಿರುಗಿಸಿ ಮರೆತರೆ ತೂಕ ಒಂದು ಕಡೆ ವಾಲುತ್ತದೆ. ಮೂರು ಜನರೇಟರ್‌ಗಳನ್ನು ಒಂದೇ ಲೈನಿಗೆ ಜೋಡಿಸುವುದು ಇನ್ನೂ ನಾಜೂಕು: ಎರಡು ಪುಟ್ಟ ದೀಪ ಮಿನುಗುತ್ತವೆ, ವೇಗ ಹೊಂದಿದಷ್ಟೂ ನಿಧಾನ ಮಿನುಗುತ್ತವೆ, ಎರಡೂ ಆರಿದ ಕ್ಷಣ ಬ್ರೇಕರ್ ಒತ್ತಬೇಕು. ಉರಿಯುವಾಗ ಒತ್ತಿದರೆ ಜನರೇಟರ್‌ಗೆ ಧಕ್ಕೆ. ಈ ಕೆಲಸಗಳನ್ನು ಕಂಪ್ಯೂಟರ್ ವಹಿಸಿಕೊಂಡಿತು. ಇಬ್ಬರು ಸಾಕೇ ಎಂಬ ಜಗಳಕ್ಕೆ 1981ರಲ್ಲಿ ಅಧ್ಯಕ್ಷರು ನೇಮಿಸಿದ ಸಮಿತಿ ‘ಸಾಕು’ ಎಂದಿತು. 757, 767 ಆ ಲೆಕ್ಕದಲ್ಲೇ ಬಂದವು.

ಪ್ರಶ್ನೆ: 727ರೊಳಗೆ ಈಗ ಕಾಲಿಡಲು ಸಾಧ್ಯವೆ? (ಬೆಂಗಳೂರು)

ಸಿಯಾಟಲ್‌ನ ಮ್ಯೂಸಿಯಂ ಆಫ್ ಫ್ಲೈಟ್‌ನಲ್ಲಿ 1963ರಲ್ಲಿ ಮೊದಲು ಹಾರಿದ 727 ಅನ್ನೇ ಇಟ್ಟಿದ್ದಾರೆ. 2016ರ ಮಾರ್ಚ್ 2ರಂದು ಎವರೆಟ್‌ನಿಂದ ಹಾರಿ ಬಂದು ಅಲ್ಲಿ ಸೇರಿತು. ಡಲ್ಲಾಸ್ ಕಡೆ ಹೋದರೆ ಫೋರ್ಟ್ ವರ್ತ್‌ನ ಸಿ.ಆರ್. ಸ್ಮಿತ್ ಮ್ಯೂಸಿಯಂನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ–3 ಇದೆ. ಬಾಲದ ಚಕ್ರದ ಮೇಲೆ ಕೂರುವ ವಿಮಾನ ಅದು. ನಿಂತಿರುವಾಗ ಒಳಗಿನ ನೆಲ ಮೂತಿಯ ಕಡೆಗೆ ಏರು. ಯುದ್ಧ ಮುಗಿದ ಮೇಲೆ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಸೇನೆಯ ಡಕೋಟಾಗಳನ್ನು ಪ್ರಯಾಣಿಕರಿಗೆ ಅಣಿಮಾಡಿದರಲ್ಲ, ಅದೇ ಜಾತಿ. ಹೊರಡುವ ಮುನ್ನ ಮ್ಯೂಸಿಯಂನ ಜಾಲತಾಣದಲ್ಲಿ ತೆರೆದಿರುವ ದಿನ ನೋಡಿಕೊಳ್ಳಿ. 727ರೊಳಗೆ ಹೋದರೆ ಎಂಜಿನಿಯರ್ ಗೋಡೆಯ ಆ ಎರಡು ದೀಪಗಳನ್ನು ಹುಡುಕಿ.