ಕೊಡಗಿನಲ್ಲಿ ಮನೆಗೆ ತೆರೆದ ಬಾವಿ ಇದ್ದರೆ ಮಾಡಿನ ಮಳೆನೀರನ್ನು ಬಾವಿಗೆ ಬಿಡಬೇಕೆ, ಟ್ಯಾಂಕಿನಲ್ಲಿ ಹಿಡಿಯಬೇಕೆ?

ವಿರಾಜಪೇಟೆ ಹತ್ತಿರ ಹಂಚಿನ ಮನೆ, ಮಾರ್ಚ್ ಕೊನೆಗೆ ಬಾವಿಯ ತಳ ಕಾಣುತ್ತದೆ, ಮಾಡಿನ (ಛಾವಣಿಯ) ನೀರು ಬಾವಿಗಿಳಿಸಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಜುಲೈನಲ್ಲಿ ನಮ್ಮ ಕಡೆಯ ಬಾವಿಗಳು ತಾವಾಗಿಯೇ ತುಂಬಿರುತ್ತವೆ. ಆಗ ಮೇಲಿಂದ ಸುರಿದದ್ದು ಇಳಿಜಾರು ಹಿಡಿದು ಗದ್ದೆ, ತೋಡಿಗೆ (ಹಳ್ಳಕ್ಕೆ) ಒಸರಿ ಹೋಗುತ್ತದೆ. ಬೇಸಿಗೆಗೆ ಖಚಿತವಾಗಿ ಕೈಗೆ ಸಿಗುವುದು ಟ್ಯಾಂಕಿನ ನೀರು.

1 ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಹಂಚಿನ ಇಳಿಜಾರನ್ನಲ್ಲ, ಮಾಡು ನೆಲದ ಮೇಲೆ ಆವರಿಸುವ ಜಾಗವನ್ನು ಅಳೆಯಿರಿ. 100 ಚದರ ಮೀಟರ್ ಮಾಡಿಗೆ 25 ಮಿ.ಮೀ. ಹೂಮಳೆ (ಮಾರ್ಚ್-ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಮಳೆ) ಬಂದರೆ, ನಷ್ಟ ಕಳೆದು ಸುಮಾರು 2,000 ಲೀಟರ್. ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರ್ ಎಂದುಕೊಂಡರೆ 5,000 ಲೀಟರಿನ ಟ್ಯಾಂಕ್ 100 ದಿನ ಬರುತ್ತದೆ. ಅದನ್ನು ಜೂನ್ ನೀರಿನಿಂದ ತುಂಬಿಸಿಡಬೇಡಿ. ಸೆಪ್ಟೆಂಬರ್‌ನಲ್ಲಿ ತೊಳೆದು, ಮಾಡು ಚೆನ್ನಾಗಿ ತೊಳೆದುಹೋದ ಮೇಲೆ ಬರುವ ಕೊನೆಯ ಮಳೆಗಳಲ್ಲಿ ತುಂಬಿಸಿ, ಮುಚ್ಚಿಡಿ. ಮಾರ್ಚ್-ಏಪ್ರಿಲ್ ಮಳೆ ಬಂದರೆ ಅದು ಮೇಲಿನ ಲಾಭ.

ಹೆಚ್ಚಿನವರು ಎಡವುವುದು ಮೊದಲ ನೀರನ್ನು ಹೊರಬಿಡುವಲ್ಲಿ. ತಿಂಗಳುಗಟ್ಟಲೆ ಒಣಗಿದ ಹಂಚಿನ ಮೇಲೆ ಸಿಲ್ವರ್ ಓಕ್ ಎಲೆ, ಪಾಚಿ, ಹಕ್ಕಿ ಹಿಕ್ಕೆ, ಒಲೆಯ ಮಸಿ ಎಲ್ಲ ಇರುತ್ತದೆ. ಕನಿಷ್ಠ ಮೊದಲ 1-2 ಮಿ.ಮೀ., ಅಂದರೆ 100 ಚದರ ಮೀಟರ್ ಮಾಡಿಗೆ 100-200 ಲೀಟರ್, ಹೊರಗೆ ಹೋಗಬೇಕು. 4 ಇಂಚಿನ ಪೈಪ್ ಒಂದು ಮೀಟರಿಗೆ ಹಿಡಿಯುವುದು ಬರೀ 8 ಲೀಟರ್. ಗೋಡೆಗೆ ಆರಡಿ ಪೈಪ್ ನಿಲ್ಲಿಸಿದರೆ ಏನೂ ಪ್ರಯೋಜನವಿಲ್ಲ. 200 ಲೀಟರಿನ ಡ್ರಮ್ ಇಡಿ, ತಳದಲ್ಲಿ ಸಣ್ಣ ನಲ್ಲಿ ಹಾಕಿ ಹನಿಯಲು ಬಿಡಿ, ಮುಂದಿನ ಮಳೆಗೆ ತಾನೇ ಖಾಲಿಯಾಗಿರುತ್ತದೆ. ಪಕ್ಕದ ಕಾಫಿ, ಕಾಳುಮೆಣಸಿಗೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ದಿನಗಳಲ್ಲಿ ಟ್ಯಾಂಕಿನ ಸಂಪರ್ಕವನ್ನೇ ಕಳಚಿಡಿ. ನಂತರ ಮಾಡು ಒಂದೆರಡು ಜೋರು ಮಳೆಯಲ್ಲಿ ತೊಳೆಯಲಿ.

ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದೋಣಿಗೆ ಮೀಟರಿಗೆ 1 ಸೆಂ.ಮೀ. ಇಳಿಜಾರು ಸಾಕು. ಶೋಧಕದಲ್ಲಿ ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ 20 ಮಿ.ಮೀ. ಜಲ್ಲಿ, ಬಲೆ, ಮೇಲೆ ತೊಳೆದ ಮರಳು. ಮರಳಿನ ಮೇಲ್ಪದರ ಕಟ್ಟಿಕೊಂಡರೆ ಕೆರೆದು ತೆಗೆದು ತೊಳೆಯಿರಿ. ಟ್ಯಾಂಕ್ ತುಂಬಿ ಉಕ್ಕುವ ನೀರು ಹೊರಹೋಗುವ ಪೈಪ್ ಒಳಬರುವ ಪೈಪಿನಷ್ಟೇ ದಪ್ಪ ಇರಲೇಬೇಕು, ಬಾಯಿಗೆ ಸೊಳ್ಳೆ ಬಲೆ. ಪ್ಲಾಸ್ಟಿಕ್ ಟ್ಯಾಂಕನ್ನು ನೆಲದಲ್ಲಿ ಹೂಳಬೇಡಿ: ಆಟಿಯಲ್ಲಿ (ಜುಲೈ-ಆಗಸ್ಟ್) ಅಂತರ್ಜಲ ಮೇಲೆ ಬಂದಾಗ ಖಾಲಿ ಟ್ಯಾಂಕ್ ನೆಲ ಬಿರಿದು ಮೇಲೇಳುತ್ತದೆ. ಸಿಮೆಂಟ್ ಟ್ಯಾಂಕ್ ಇನ್ನೂ ಒಳ್ಳೆಯದು, ಮಳೆನೀರಿನ ಆಮ್ಲೀಯತೆಯನ್ನು ಸ್ವಲ್ಪ ತಗ್ಗಿಸುತ್ತದೆ.

ಹೆಚ್ಚುವರಿ ನೀರನ್ನು ಇಂಗಿಸುವ ಆಸೆಯಿದ್ದರೆ ಬಾವಿಯಿಂದ ಕೆಲವು ಮೀಟರ್ ದೂರದ ಸಮತಟ್ಟು ಜಾಗದಲ್ಲಿ ಗುಂಡಿ ತೆಗೆಯಿರಿ. ಮನೆ ಹಿಂದಿನ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲೆ ಮಾತ್ರ ಬೇಡವೇ ಬೇಡ. ಮಣ್ಣು ನೀರು ಕುಡಿದು ಭಾರವಾದರೆ ಬರೆ ಜಾರುತ್ತದೆ; 2018ರ ಆಗಸ್ಟ್‌ನಲ್ಲಿ ಈ ಜಿಲ್ಲೆ ಅನುಭವಿಸಿದ ಭೂಕುಸಿತವನ್ನು ಯಾರೂ ಮರೆತಿಲ್ಲ. ಅಲ್ಲಿಯ ನೀರನ್ನು ಚರಂಡಿಯಲ್ಲಿ ತೋಡಿಗೆ ಸಾಗಿಸಿಬಿಡಿ.

ಕುಡಿಯುವ ಟ್ಯಾಂಕಿಗೆ 1,000 ಲೀಟರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು, ಒಂದು ಗಂಟೆ ಬಿಟ್ಟು ಬಳಸಿ. ಹಳೆಯ ಪೌಡರಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ.