ಸದ್ದು ಕೇಳಿ ಗುಂಡು ತಪ್ಪಿಸಿಕೊಂಡ ಭೈರ

ಪ್ರಿಯರೇ,

ನೀವಿಬ್ಬರು ಗೆಳೆಯರು ಒಂದೊಂದು ಪಾತ್ರ ವಹಿಸಿಕೊಂಡು, ಸರದಿಯ ಮೇಲೆ ಬರೆದ ರೋಲ್‌ಪ್ಲೇ ಕಾದಾಟ ಓದಿದೆ. ಸಂಭಾಷಣೆ ಚೆನ್ನಾಗಿದೆ, ಕೋಟೆಯ ಕತ್ತಲೂ ಸರಿಯಾಗಿ ಕವಿದಿದೆ. ಆರನೇ ಪುಟಕ್ಕೆ ಬಂದಾಗ ಸಿಟ್ಟು ಬಂತು. ನಿಮ್ಮ ಪಾತ್ರ ಭೈರ ಹೀಗೆ ಗುಂಡು, ಬಾಣ ತಪ್ಪಿಸಿಕೊಳ್ಳುವುದು "ಸಾಧ್ಯ", "ಸಾಧ್ಯವೇ ಇಲ್ಲ" ಎಂದು ಅಂಚಿನಲ್ಲಿ ಇಬ್ಬರೂ ಆಡಿದ ಜಗಳವನ್ನೂ ಅಳಿಸದೆ ಕಳಿಸಿದ್ದೀರಿ. ಆ ಜಗಳಕ್ಕೇ ಉತ್ತರ ಬರೆಯುತ್ತೇನೆ.

"ಹತ್ತು ಮೀಟರ್ ದೂರದಲ್ಲಿ ಪಿಸ್ತೂಲು ಸಿಡಿದ ಸದ್ದು ಕೇಳಿದೊಡನೆ ಭೈರ ಎಡಕ್ಕೆ ವಾಲಿದ." ವಾಲಲಾರ. 9 ಎಂಎಂ ಪಿಸ್ತೂಲಿನ ಗುಂಡು ಸಾಮಾನ್ಯವಾಗಿ ಸೆಕೆಂಡಿಗೆ 350 ಮೀಟರಿಗೂ ಮಿಕ್ಕಿ ಹೋಗುತ್ತದೆ. ಸದ್ದಿನ ವೇಗ ಸುಮಾರು 343. ಸದ್ದು ಕಿವಿಗೆ ಬೀಳುವ ಹೊತ್ತಿಗೆ ಗುಂಡು ಮೈಗೆ ಬಿದ್ದಾಗಿದೆ, ಒಟ್ಟು 0.03 ಸೆಕೆಂಡಿನಲ್ಲಿ. ಸದ್ದಿಗೆಂದೇ ಕಾದು ಕೂತ ಓಟಗಾರ ಕೂಡ 0.1 ಸೆಕೆಂಡಿನೊಳಗೆ ಕಾಲು ಒತ್ತಿದರೆ ಅದು ಫಾಲ್ಸ್ ಸ್ಟಾರ್ಟ್. ಅವನು ಕೇಳಿ ಹೊರಡಲಿಲ್ಲ, ಊಹಿಸಿ ಹೊರಟ ಎಂದೇ ನಿಯಮದ ಲೆಕ್ಕ. ಭೈರನೂ ಊಹಿಸಲಿ. ನಳಿಕೆ ಮೇಲೇಳುವುದನ್ನು, ಎದುರಾಳಿಯ ಭುಜ ಬಿಗಿಯುವುದನ್ನು ಕಂಡೇ ಕಂಬದ ಹಿಂದೆ ಸರಿಯಲಿ.

ಮುಂದಿನ ಪುಟದ ಬಾಣಕ್ಕೆ ಬೇರೆ ಲೆಕ್ಕ. ಹಳೆಯ ಮಾದರಿಯ ಬಿಲ್ಲಿನ ಬಾಣ ಸೆಕೆಂಡಿಗೆ 50 ಮೀಟರ್ ಎಂದಿಟ್ಟುಕೊಳ್ಳಿ. 20 ಮೀಟರಿಗೆ 0.4 ಸೆಕೆಂಡು. ಕಣ್ಣಿಗೆ ಬಿದ್ದು ಮೈ ಕದಲುವಷ್ಟರಲ್ಲಿ 0.25 ಹೋಯಿತು. ಉಳಿದದ್ದು 0.15. ಮಂಡಿ ಪೂರ್ತಿ ಸಡಿಲಬಿಟ್ಟರೂ ಅಷ್ಟರಲ್ಲಿ ತಲೆ ಇಳಿಯುವುದು 11 ಸೆಂಟಿಮೀಟರ್, ಏಕೆಂದರೆ ಭೂಮಿ ಅದಕ್ಕಿಂತ ಜೋರಾಗಿ ಎಳೆಯುವುದಿಲ್ಲ. ಹಣೆಗೆ ಬಂದ ಬಾಣ ರುಮಾಲಿಗಾದರೂ ತಾಗಬೇಕು. ನಿಮ್ಮ ಭೈರ ನೆಲಕ್ಕೊರಗಿ, ಉರುಳಿ, ಎದ್ದು ನಿಂತು ನಗುತ್ತಾನೆ! ದೂರವನ್ನು 40 ಮೀಟರ್ ಮಾಡಿ. ಪಕ್ಕಕ್ಕೊಂದು ಹೆಜ್ಜೆ ಇಡಲು ಹೊತ್ತು ಸಿಗುತ್ತದೆ. ಅರ್ಧ ಸೆಕೆಂಡಿನಲ್ಲಿ ಬರುವ 140 ಕಿ.ಮೀ. ವೇಗದ ಚೆಂಡನ್ನು ಬ್ಯಾಟ್ಸ್‌ಮನ್ ಆಡುತ್ತಾನಲ್ಲ ಎಂದು ಅಂಚಿನಲ್ಲಿ ವಾದಿಸಿದ್ದೀರಿ. ಅವನು ಬೌಲರ್‌ನ ಓಟ, ಮಣಿಕಟ್ಟು ನೋಡಿ ಚೆಂಡು ಕೈಬಿಡುವ ಮೊದಲೇ ಸಿದ್ಧನಾಗಿರುತ್ತಾನೆ. ಕತ್ತಲಲ್ಲಿ ಬಿಲ್ಲುಗಾರನನ್ನೇ ಕಾಣದ ಭೈರನಿಗೆ ಆ ಸೌಲಭ್ಯ ಎಲ್ಲಿದೆ?

ನಾನು ಕರಡು ತಿದ್ದಲು ಕಲಿಯುತ್ತಿದ್ದಾಗ ಹಿರಿಯ ಸಂಪಾದಕರು ಇಂಥ ಪುಟಕ್ಕೆಂದೇ ಮೇಜಿನ ಮೇಲೆ ಸ್ಕೇಲು ಇಟ್ಟಿರುತ್ತಿದ್ದರು. ನೀವೂ ಮಾಡಿ. ಒಬ್ಬರು 30 ಸೆಂ.ಮೀ. ಸ್ಕೇಲನ್ನು ಸೊನ್ನೆ ಕೆಳಗೆ ಬರುವಂತೆ ನೇರವಾಗಿ ತೂಗಿ ಹಿಡಿಯಿರಿ, ಇನ್ನೊಬ್ಬರ ಹೆಬ್ಬೆರಳು, ತೋರುಬೆರಳು ಸೊನ್ನೆಯ ಗುರುತಿನ ಎರಡೂ ಬದಿಗಿರಲಿ, ತಾಗಬಾರದು. ಹೇಳದೆ ಕೈಬಿಡಿ. 20 ಸೆಂ.ಮೀ.ಗೆ ಹಿಡಿದರೆ 0.2 ಸೆಕೆಂಡು. ಮಾತಾಡುತ್ತಾ, ಬೇರೆ ಕಡೆ ನೋಡುತ್ತಾ ಹಿಡಿಯಲು ಹೋದರೆ ಸ್ಕೇಲು ಪೂರ್ತಿ ಜಾರಿ ಬೀಳುತ್ತದೆ. ಭೈರ ಆ ಹೊತ್ತಿನಲ್ಲಿ ಎರಡು ಸಾಲು ಡೈಲಾಗ್ ಬೇರೆ ಹೊಡೆಯುತ್ತಿದ್ದಾನೆ.

ಇನ್ನೊಂದು: ಹನ್ನೊಂದು ಸರದಿಯಲ್ಲಿ ಅವನಿಗೆ ಒಂದೇಟೂ ತಾಗಿಲ್ಲ. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಭಾರ ಯಾವ ಕಾಲಿನ ಮೇಲೆ ಬಿತ್ತು ಎಂದು ಬರೆಯಿರಿ. ಎಡಗಾಲಿಗೆ ಭಾರ ಹಾಕಿದವನು ತಕ್ಷಣ ಮತ್ತೆ ಎಡಕ್ಕೆ ಜಿಗಿಯಲಾರ. ಎದುರಾಳಿ ಹುಸಿ ಏಟು ತೋರಿಸಿ, ಅವನು ವಾಲಿದ ಕಡೆಗೇ ನಿಜವಾದ ಏಟು ಬೀಸಿದರೆ ಅದು ತಾಗಲೇಬೇಕು. ನಿಮ್ಮ ಸರದಿಯನ್ನು ಕತ್ತಿ ಬೀಸಿದಲ್ಲಿಗೆ ನಿಲ್ಲಿಸಿ. ತಾಗಿತೋ ಇಲ್ಲವೋ ಎಂಬುದನ್ನು ಗೆಳೆಯ ಬರೆಯಲಿ.

ಆರರಿಂದ ಒಂಬತ್ತರವರೆಗಿನ ಪುಟ ಮಾತ್ರ ತಿದ್ದಿ ಕಳಿಸಿ. ಅಂಚಿನ ಜಗಳ ಹಾಗೇ ಇರಲಿ, ಕಾದಾಟಕ್ಕಿಂತ ಅದೇ ಜೋರಾಗಿದೆ.