ಬಾಕ್ಸ್ ಕಾಲಾ, ಸ್ಲೇಟಾ?

ಪೆನ್ಸಿಲ್ವೇನಿಯಾದಲ್ಲಿ ಮೊದಲ ಸಲ ಟರ್ಕಿ ಕೋಳಿ ಬೇಟೆಗೆ ಹೋಗುತ್ತಿದ್ದೀರಿ, ಹಕ್ಕಿಯ ದನಿ ತೆಗೆದು ಅದನ್ನು ಕರೆಯುವ ಸಾಧನಗಳಲ್ಲಿ (ಇವಕ್ಕೆ ‘ಕಾಲ್’ ಅನ್ನುತ್ತಾರೆ) ಬಾಕ್ಸ್ ಕಾಲ್ ತಗೊಳ್ಳಲಾ ಸ್ಲೇಟ್ ತಗೊಳ್ಳಲಾ ಎಂದು ಕೇಳಿದ್ದೀರಲ್ವಾ, ಒಂದೇ ಅಂದರೆ ನಾನು ಸ್ಲೇಟ್ ಅನ್ನುತ್ತೇನೆ. ಬಾಕ್ಸ್ ಅಂದರೆ ಮುಚ್ಚಳ ಉಜ್ಜಿ ದನಿ ತೆಗೆಯುವ ಮರದ ಡಬ್ಬಿ, ಸ್ಲೇಟ್ ಅಂದರೆ ಕಡ್ಡಿಯಿಂದ ಉಜ್ಜುವ ಕಲ್ಲಿನ ಬಿಲ್ಲೆ. ಬಾಕ್ಸ್ ಕಲಿಯುವುದು ಸುಲಭ, ದೂರಕ್ಕೂ ಕೇಳಿಸುತ್ತದೆ, ನಿಜ. ಆದರೆ ಮುಚ್ಚಳ ಆಡಿಸುವಾಗ ಕೈ ಜಾಸ್ತಿ ಅಲುಗುತ್ತದೆ, ಟರ್ಕಿಯ ಕಣ್ಣೋ ಬಲು ಚುರುಕು. ಹತ್ತಿರ ಬಂದ ಗಂಡಿಗಷ್ಟೇ ಕೇಳುವ ಹಾಗೆ ಹೆಣ್ಣಿನ ಮೆಲುದನಿ ತೆಗೆಯಲು ಸ್ಲೇಟೇ ಚೆನ್ನ. ಗಾಳಿ ಜೋರಿರುವ ಬಯಲಾದರೆ ಮಾತ್ರ ಕಲ್ಲಿನ ಬದಲು ಗಾಜು ಅಥವಾ ಅಲ್ಯೂಮಿನಿಯಂ ಬಿಲ್ಲೆ ನೋಡಿ, ಅವುಗಳ ದನಿ ಚೂಪು.

ಕಡ್ಡಿಯನ್ನು ಪೆನ್ಸಿಲ್ ಥರ ಹಿಡಿದು ಸ್ವಲ್ಪ ವಾಲಿಸಿ, ತುದಿಯನ್ನು ಮೇಲೆತ್ತದೆ ಸಣ್ಣ ಸಣ್ಣ ಸುತ್ತು ಎಳೆಯಿರಿ. ಕಲ್ಲನ್ನು ಬೆರಳಿಂದ ಮುಟ್ಟಬೇಡಿ, ಚರ್ಮದ ಜಿಡ್ಡು ತಾಗಿದರೆ ಕಡ್ಡಿ ಸುಮ್ನೆ ಜಾರುತ್ತದೆ, ದನಿಯೇ ಬರುವುದಿಲ್ಲ. ಹಾಗಾದರೆ ಸ್ಯಾಂಡ್‌ಪೇಪರಿನಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿ, ಆ ಗೀರುಗಳಿಗೆ ಅಡ್ಡವಾಗಿ ಕಡ್ಡಿ ಆಡಿಸಿ. ದುಡ್ಡು ಉಳಿದರೆ ಇನ್ನೊಂದು ಕಾಲ್ ಬೇಡ, ಬೇರೆ ಮರದ ಕಡ್ಡಿ ತಗೊಳ್ಳಿ, ಕಲ್ಲು ಅದೇ ಆದರೂ ಹಿಕರಿಗೂ ಪರ್ಪಲ್‌ಹಾರ್ಟ್‌ಗೂ ದನಿ ಬೇರೆ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ನಿಮ್ಮ ಕೂಗನ್ನು ಟರ್ಕಿಯದೇ ಅಂದುಕೊಂಡು ಬೇರೆ ಬೇಟೆಗಾರರೂ ಬರಬಹುದು. ಹೆಗಲಿಗಿಂತ ಅಗಲದ ಮರಕ್ಕೆ ಬೆನ್ನು ಕೊಟ್ಟು ಕೂತೇ ಕರೆಯಿರಿ.